ಗೋಧಿ ಮೈಬಣ್ಣ

“ಇದು ಕಾರ್ಟೂನ್ ಅದ ಅಲ್ರಿ,” ಎಂದ ಹೆಡ್ ಕಾನ್‌ಸ್ಟೇಬಲ್ ಅಂಬ್ರಪ್ಪ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಪ್ರವೀಣಕುಮಾರ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಆತ ಮೊಬೈಲನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದ. ಹಿಗ್ಗಿಸಿದಾಗ ಪರದೆಯ ತುಂಬ ಒಂದೇ ಕಣ್ಣು ಉಳಿಯಿತು, ಒಳಗೆ ಬೆಳಕಿನ ಚುಕ್ಕೆಗಳಿದ್ದ ದೊಡ್ಡ ಕಣ್ಣು. ಪಕ್ಕದ ಮೇಜಿನಲ್ಲಿದ್ದ ಮಹಿಳಾ ಪೇದೆ ನಾಗಲಕ್ಷ್ಮಿಯನ್ನು ಕರೆದು ತೋರಿಸಿದ. ಆಕೆ ನೋಡಿ, ಬಂದ ನಗುವನ್ನು ಕೆಮ್ಮಾಗಿ ಮಾಡಿಕೊಂಡು, “ನಮ್ಮ ಮಗಳೂ ಇಂಥಾವ ಮಾಡ್ತಾಳ್ರಿ ಸರ್, ಜಪಾನದ ಅನಿಮೆ ಅಂತಾರ ಇದಕ್ಕ,” ಎಂದಳು. ಯಾದಗಿರಿಯ ಆ ಠಾಣೆಯ ಬೆಂಚಿನ ಮೇಲೆ ಕೂತಿದ್ದ ಇನ್ನಿಬ್ಬರು, ತಮ್ಮ ತಮ್ಮ ತಕರಾರು ಮರೆತು, ಕತ್ತು ಚಾಚಿದರು. ಅಂಬ್ರಪ್ಪ ಕೆಟ್ಟ ಮನುಷ್ಯನಲ್ಲ. ದನಿ ತಗ್ಗಿಸಿ ಕೇಳಿದ. “ಕಾಣೆ ಆದೋರು ನಿಮ್ಮ ತಾಯಿಯೋರು ಹೌದಲ್ರಿ? ಫೋಟೋ ಕೊಡ್ರಿ ಅಂದ್ರ ಇದನ್ಯಾಕ ಕೊಡ್ತೀರಿ? ಖರೆ ಫೋಟೋ ಕೊಡ್ರಿ.”

ಖರೆ ಫೋಟೋ ಒಂದು ಇತ್ತು, ಹೋದ ಬೇಸಿಗೆಯವರೆಗೂ ಇತ್ತು. ಅವ್ವ ಯಾದಗಿರಿ ಪಕ್ಕದ ಮುದನಾಳದಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಾಗ ಅವನೇ ತೆಗೆದ ಫೋಟೋ. ಆವತ್ತು ಭಾನುವಾರ, ವಿಹಾರದಲ್ಲಿ ಬುದ್ಧವಂದನೆ ಮುಗಿಸಿ ಬಂದವಳು ಬಿಳಿ ಸೀರೆಯಲ್ಲೇ ಕೆಲಸಕ್ಕೆ ಕೂತಿದ್ದಳು. ಯವ್ವಾ ಇಕ್ಕಡಿ ನೋಡು ಎಂದರೆ ನೋಡಿದಳು, ಅಷ್ಟೆ. ತಲೆಗೂದಲು ಒತ್ತಿಕೊಳ್ಳಲಿಲ್ಲ, ಮುಖ ಒರೆಸಿಕೊಳ್ಳಲಿಲ್ಲ. ಬಿಸಿಲು ಕುಡಿದ ಕರಿ ಮುಖ, ತುಟಿ ಮೀರಿ ಬಂದ ಮುಂದಿನ ಹಲ್ಲು, ಹೂ ಬಿದ್ದ ಒಂದು ಕಣ್ಣು. ತೊಗರಿ ಕೊಯ್ಯುವಾಗ ಕಟ್ಟಿಗೆ ಚುಚ್ಚಿ ಬಿಳಿ ಕಟ್ಟಿದ ಆ ಕಣ್ಣನ್ನು ಅವನು ಬುದ್ಧಿ ಬಂದಾಗಿನಿಂದ ನೋಡಿದವನು. ನೋಡಿದವನು ಎನ್ನುವುದೂ ಪೂರ್ತಿ ಸರಿಯಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ನೋಡುವುದನ್ನು ಎಳವೆಯಲ್ಲೇ ರೂಢಿ ಮಾಡಿಕೊಂಡಿದ್ದ. ಶಾಲೆಗೆ ಅವ್ವ ಬುತ್ತಿ ತಂದರೆ ಗೇಟಿನವರೆಗೆ ತಾನೇ ಓಡಿ ಹೋಗಿ ಇಸಿದುಕೊಳ್ಳುತ್ತಿದ್ದ, ಎಂಥ ಹುಷಾರು ಹುಡುಗ ಎಂದು ಮಾಸ್ತರರು ಹೊಗಳಿದ್ದರು.

ಆ ಬೇಸಿಗೆಯಲ್ಲಿ ಕಚೇರಿಯವರಿಗೆಲ್ಲ ಇದೇ ಹುಚ್ಚು ಹತ್ತಿತ್ತು. ಪ್ರವೀಣಕುಮಾರನದು ಹೊರಗುತ್ತಿಗೆಯ ಡಾಟಾ ಎಂಟ್ರಿ ಕೆಲಸ. ಪಕ್ಕದ ಕಂಪ್ಯೂಟರಿನ ಅಲ್ತಾಫ್, ಫೋಟೋ ಹಾಕಿ ಕೆಳಗೆ ಒಂದು ಸಾಲು ಬರೆದರೆ ಎಐ ಅದನ್ನು ಅನಿಮೆ ಚಿತ್ರ ಮಾಡಿಕೊಡುತ್ತದೆ ಎಂದು ಇಡೀ ಕೋಣೆಗೆ ಕಲಿಸಿದ. ಎಲ್ಲರ ಹೆಂಡಿರು ಮಕ್ಕಳೂ ಒಂದೇ ವಾರದಲ್ಲಿ ದೊಡ್ಡ ಕಣ್ಣಿನವರಾದರು. ಸೂಪರಿಂಟೆಂಡೆಂಟ್ ಸಂಜೀವಕುಮಾರ ಸಾಹೇಬರ ನೆತ್ತಿಗೆ ಕೂದಲು ಬಂತು. ಪ್ರವೀಣಕುಮಾರ ಮೊದಲು ಮಗಳದು ಮಾಡಿದ, ಆಮೇಲೆ ಹೆಂಡತಿ ಪರಿಮಳಾಳದು, ಕೊನೆಗೆ ಅವ್ವನದು. ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನ ತೆರೆದುಕೊಳ್ಳುತ್ತ ಬಂತು. ಮೊದಲು ಕೂದಲು, ಆಮೇಲೆ ಹಣೆ, ಹಣೆಯ ಮೇಲೆ ಯಾರೂ ಕೇಳದ ಕುಂಕುಮ. ಅಪ್ಪ ದ್ಯಾವಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು. ಆಮೇಲೆ ಕಣ್ಣು, ಎರಡೂ ಹೊಳೆಯುವಂಥವು. ಹಲ್ಲು ಬಾಯೊಳಗೆ ಹೋಗಿದ್ದವು. ಬಿಳಿ ಸೀರೆ ಜರಿ ಅಂಚಿನ ಗುಲಾಬಿ ರೇಷ್ಮೆಯಾಗಿತ್ತು. ಅವನು ಚಿತ್ರವನ್ನು ಮತ್ತೆ ಹಿಗ್ಗಿಸಿ ನೋಡಿದ. ಅವ್ವ ನಿಜಕ್ಕೂ ಇರಬೇಕಾದದ್ದು ಹೀಗೆ, ನಡುವೆ ಯಾರೋ ಕೆಡಿಸಿದ್ದಾರೆ ಎಂದು ಅನಿಸಿತು. ಅದನ್ನೇ ವಾಟ್ಸಾಪಿನ ಡಿಪಿ ಮಾಡಿಕೊಂಡ. ಸಂಜೀವಕುಮಾರ ಸಾಹೇಬರು ಚಹಾದ ಹೊತ್ತಿಗೆ ಅದನ್ನು ನೋಡಿ, “ನಿಮ್ಮ ತಾಯಿಯೋರು ಭಾಳ ಲಕ್ಷಣ ಅದಾರ ಬಿಡ್ರಿ ಪ್ರವೀಣ, ದೊಡ್ಡ ಮನಿತನದ ಹೆಣ್ಮಕ್ಕಳು ಇದ್ದಂಗ ಕಾಣ್ತಾರ,” ಎಂದರು. ದೊಡ್ಡ ಮನೆತನ ಎಂದರೆ ಯಾರ ಮನೆತನ, ಯಾರದಲ್ಲ ಎನ್ನುವುದು ಹೇಳಿದವರಿಗೂ ಗೊತ್ತು, ಕೇಳಿದವನಿಗೂ ಗೊತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ, ಹಿಗ್ಗು ಬಂತು. ಆಮೇಲೊಂದು ದಿನ ಮೊಬೈಲು ತುಂಬಿ ಹ್ಯಾಂಗ್ ಆಗತೊಡಗಿದಾಗ ಹಳೆಯ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸಿಬಿಟ್ಟ. ಚಲೋದು ಇರುವಾಗ ಕೆಟ್ಟದ್ದನ್ನು ಯಾಕೆ ಇಟ್ಟುಕೊಳ್ಳಬೇಕು ಅನಿಸಿತ್ತು. ಎಲ್ಲರಿಗೂ ತೋರಿಸಿದ ಚಿತ್ರವನ್ನು ಅವ್ವನಿಗೆ ಮಾತ್ರ ತೋರಿಸಲಿಲ್ಲ.

ಅಂಬ್ರಪ್ಪ ಆಧಾರ್ ಕಾರ್ಡು ಕೇಳಿದ. ಅದು ಅವ್ವನ ಚೀಲದಲ್ಲಿ ಅವಳ ಜೊತೆಗೇ ಹೋಗಿತ್ತು. ಕಾರ್ಡು ತೋರಿಸದಿದ್ದರೆ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಟಿಕೆಟ್ ಇಲ್ಲವಲ್ಲ. ಮನೆಯಲ್ಲಿದ್ದ ಝೆರಾಕ್ಸಿನಲ್ಲಿ ಮುಖವಿರಬೇಕಾದ ಕಡೆ ಬರೀ ಕರಿ ಮಸಿ, ಬೇರೆ ಫೋಟೋ ಯಾರ ಹತ್ತಿರವೂ ಇರಲಿಲ್ಲ. “ಆತು, ಬಾಯಿಲೆ ಹೇಳ್ರಿ,” ಎಂದು ಅಂಬ್ರಪ್ಪ ಪೆನ್ನು ತೆಗೆದ. “ಮುಖ ಕೋಲೋ, ದುಂಡೋ?” ಪ್ರವೀಣಕುಮಾರ ಯೋಚಿಸಿದ. ಯೋಚಿಸಿದಷ್ಟೂ ಡಿಪಿಯ ಮುಖವೇ ಎದುರು ಬಂದು ನಿಂತಿತು. “ದುಂಡ್ರಿ.” “ಮೈಬಣ್ಣ?” ಕಪ್ಪು ಎನ್ನುವ ಮಾತು ನಾಲಗೆಯವರೆಗೆ ಬಂದಿತ್ತು. ಬೆಂಚಿನವರು ಕೇಳಿಸಿಕೊಳ್ಳುತ್ತಿದ್ದರು. “ಗೋಧಿ ಬಣ್ಣರಿ,” ಎಂದ. ಪೇಪರಿನಲ್ಲಿ ಕಾಣೆಯಾದವರೆಲ್ಲ ಗೋಧಿ ಮೈಬಣ್ಣದವರೇ ಆಗಿರುತ್ತಾರೆ, ಹಾಗೆ ಬರೆಯುವುದೇ ರೂಢಿ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗುರುತೇನಾದರೂ ಇದೆಯೇ ಎಂದಾಗ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. “ಒಂದ್ ಕಣ್ಣಾಗ ಹೂ ಬಿದ್ದದರಿ.” “ಯಾವ ಕಣ್ಣು?” ಕೈ ತಾನಾಗಿ ಮೇಲೆದ್ದು ತನ್ನ ಎಡಗಣ್ಣಿನ ಹತ್ತಿರ ಹೋಯಿತು, ಅಲ್ಲಿಂದ ಬಲಗಣ್ಣಿಗೆ ಹೋಯಿತು. ಅವ್ವ ಎದುರು ಕೂತರೆ ಹೂವು ಯಾವ ಕಡೆಗೆ? ಊಟಕ್ಕೆ ಬಡಿಸುವಾಗ? ಕೈ ಗಾಳಿಯಲ್ಲೇ ನಿಂತಿತು. ಮೂವತ್ತು ದಾಟಿದ ಗಂಡಸು ಹೆತ್ತವಳ ಕಣ್ಣು ಯಾವುದೆಂದು ತಿಳಿಯದೆ ಪೊಲೀಸರ ಮುಂದೆ ಕೈ ಎತ್ತಿಕೊಂಡು ಕೂತಿದ್ದ.

ಶಿರವಾಳದ ಚಿಕ್ಕವ್ವ ಮಲ್ಲಾಬಾಯಿಗೆ ಫೋನು ಹಚ್ಚಿ ಕೇಳಬೇಕಾಯಿತು. ಚಿಕ್ಕವ್ವನದು ಹೊಲದಿಂದ ಹೊಲಕ್ಕೆ ಕೇಳಿಸುವ ದನಿ, ಸ್ಪೀಕರ್ ಬೇಕಾಗಲಿಲ್ಲ. “ಎಡಗಣ್ಣಲೋ, ಎಡಗಣ್ಣು. ಅಕ್ಕನ ಕಣ್ಣು ಯಾವ್ದಂತ ನನಗ ಕೇಳ್ತಿಯಲ್ಲೋ, ನೀ ಆಕಿ ಹೊಟ್ಟ್ಯಾಗ ಹುಟ್ಟೀದ್ಯೋ ಇಲ್ಲೋ?” ಎಂದು ಬೈದು, ಹಾಗೇ ಅಳತೊಡಗಿದಳು. ಅಂಬ್ರಪ್ಪ ಕೇಳಿಸದವನಂತೆ ಕಿಟಕಿಯ ಹೊರಗೆ ನೋಡಿದ. ನಗುವುದಕ್ಕಿಂತ ಆ ಮರ್ಯಾದೆಯೇ ಪ್ರವೀಣಕುಮಾರನಿಗೆ ಹೆಚ್ಚು ಚುಚ್ಚಿತು. ಆಮೇಲೆ, “ಶಿರವಾಳಕ್ಕ ಯಾಕ ಹೊಂಟಿದ್ರು?” ಎಂದು ಅಂಬ್ರಪ್ಪ ಕೇಳಿದ. “ತಂಗಿನ್ನ ನೋಡಾಕ್ರಿ.”

ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಮಗಳ ಹುಟ್ಟುಹಬ್ಬಕ್ಕೆ ಕಚೇರಿಯವರನ್ನೆಲ್ಲ ಮನೆಗೆ ಕರೆದಿದ್ದ. ಕರೆದ ಮೇಲೆ ಹೊಳೆಯಿತು, ಅವರು ಬರುವುದು ಡಿಪಿಯ ಅವ್ವನ ಮನೆಗೆ. ಸಂಜೀವಕುಮಾರ ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ರಿ ನಿಮ್ಮ ತಾಯಿಯೋರು ಎಂದು ಕೇಳುವುದು, ಅವ್ವ ಹಲ್ಲು ತೆಗೆದು ನಗುತ್ತ ನೀರಿನ ತಂಬಿಗೆ ಹಿಡಿದು ಬರುವುದು, ಸಾಹೇಬರ ಮುಖದಲ್ಲಿ ಒಂದು ಗಳಿಗೆ ಏನೋ ಆಗಿ ಅದನ್ನು ಅವರು ನುಂಗಿಕೊಳ್ಳುವುದು. ಈ ಒಂದು ಗಳಿಗೆಯನ್ನು ಅವನು ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ ಮತ್ತೆ ಮತ್ತೆ ನೋಡಿದ. ಗದ್ದಲದಲ್ಲಿ ಅವ್ವನಿಗೆ ತ್ರಾಸಾಗುತ್ತದೆ, ನಾಕು ದಿನ ಚಿಕ್ಕವ್ವನ ಮನೆಯಲ್ಲಿ ಇದ್ದು ಬರಲಿ ಎಂದು ಪರಿಮಳಾಗೆ ಹೇಳಿದ. ಪರಿಮಳಾ ರೊಟ್ಟಿ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, “ಮೊಮ್ಮಗಳ ಹುಟ್ಟಿದ ಹಬ್ಬಕ್ಕ ಅಜ್ಜಿನ್ನ ಊರಿಗೆ ಕಳಸೋದು ಯಾವ ಸೀಮಿ ಪದ್ಧತಿರಿ?” ಎಂದಳು. ಅವನು ಅವ್ವನ ಚೀಲ ಹುಡುಕಲು ಒಳಗೆ ಹೋದ. ಅವ್ವ ಮಾತ್ರ ಯಾಕೆಂದು ಕೇಳಲಿಲ್ಲ. ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ, ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂರಿಸಿ, ಶಹಾಪುರದಲ್ಲಿ ಇಳಿದು ಶಿರವಾಳದ ಬಸ್ಸು ಹಿಡಿ ಎಂದ. “ಯಾವತ್ತ ಬರ್ಲೆಪ್ಪಾ?” ಎಂದಳು. “ನಾನೇ ಬಂದು ಕರಕೊಂಡು ಹೋಗ್ತೀನಿ. ನೀನಾಗಿ ಬರಬ್ಯಾಡ.” ಕಂಡಕ್ಟರನಿಗೆ ಒಂದು ಮಾತು ಹೇಳಿ ಇಳಿಯಬೇಕಿತ್ತು. ಆದರೆ ಕೇಕಿಗೆ ಹೇಳುವುದಿತ್ತು. ಕೇಕಿನ ಮೇಲೆ ನಾಲ್ಕೂ ಜನರ ಅನಿಮೆ ಚಿತ್ರ, ನಡುವೆ ಗುಲಾಬಿ ಸೀರೆಯ ಅವ್ವ. ಮಂದಿ ಬಂದರು, ಉಂಡರು, ಅವ್ವ ಎಲ್ಲಿ ಎಂದು ಕೇಳಿದರು, ತನ್ನ ತಂಗಿ ಊರಿಗೆ ಹೋಗ್ಯಾಳ್ರಿ ಎಂದ. ಎಲ್ಲ ಮುಗಿದ ಮೇಲೆ ಚಿಕ್ಕವ್ವನಿಗೆ ಫೋನು ಮಾಡಿದರೆ ಆಕೆ, “ಅಕ್ಕ? ಅಕ್ಕ ಎಲ್ಲಿ ಬಂದಾಳ?” ಎಂದಳು.

ಕಾಣೆಯಾದವರ ಕಾಗದಕ್ಕೆ ಫೋಟೋ ಬೇಕೇ ಬೇಕು ಎಂದು ಅಂಬ್ರಪ್ಪ ಹೇಳಿ ಕಳಿಸಿದ್ದ. ಪ್ರವೀಣಕುಮಾರ ಠಾಣೆಯಿಂದ ನೇರ ಕಚೇರಿಗೆ ಹೋಗಿ ಅಲ್ತಾಫನ ಪಕ್ಕ ಕೂತ. “ಫಿಕರ್ ಮಾಡಬ್ಯಾಡ ಭಾಯ್, ಅನಿಮೆಯಿಂದ ಅಸಲಿ ಮಾಡಾಕೂ ಬರ್ತದ,” ಎಂದು ಅಲ್ತಾಫ್ ಆ ಚಿತ್ರವನ್ನೇ ಹಾಕಿ, ಇದನ್ನು ಅರವತ್ತು ವರ್ಷದ ಹೆಂಗಸಿನ ನಿಜವಾದ ಫೋಟೋ ಮಾಡು ಎಂದು ಬರೆದ. ಬಂದವಳು ಟೀವಿ ಧಾರಾವಾಹಿಯ ಅತ್ತೆ. ನೆರೆತ ಕೂದಲೂ ಪಾರ್ಲರಿನಲ್ಲಿ ಮಾಡಿಸಿಕೊಂಡಂತಿತ್ತು. “ನೀನೇ ಹೇಳು, ಹೆಂಗದಾರ ಅವ್ವಾ, ಅದನ್ನೇ ಬರೀತೀನಿ,” ಎಂದು ಅಲ್ತಾಫ್ ಬೆರಳನ್ನು ಕೀಲಿಗಳ ಮೇಲೆ ಇಟ್ಟು ಕಾದ. ಹೇಳಬೇಕಾದದ್ದು ಇಷ್ಟೇ: ಕಪ್ಪು ಅದಾಳ, ಹಲ್ಲು ಮುಂದ ಅದಾವ, ಎಡಗಣ್ಣು ಬೆಳ್ಳಗ ಅದ. ತನ್ನನ್ನು ಪ್ರವೀಣ್ ಭಾಯ್ ಎಂದು ಕರೆಯುವ, ಡಿಪಿ ನೋಡಿ ಮಾಶಾ ಅಲ್ಲಾ ಎಂದಿದ್ದ ಗೆಳೆಯನ ಮುಂದೆ, ಅಕ್ಕಪಕ್ಕದ ಕುರ್ಚಿಗಳ ಕಿವಿಗಳ ಮುಂದೆ, ಅವನಿಗೆ ಆ ಮೂರು ಮಾತು ಹೊರಡಲಿಲ್ಲ. “ಜರಾ ಬಣ್ಣ ಕಮ್ಮಿ ಮಾಡು,” ಎಂದ. ಬಣ್ಣ ಒಂದು ಗುಲಗಂಜಿಯಷ್ಟು ಕಮ್ಮಿಯಾಯಿತು. “ಜರಾ ವಯಸ್ಸು.” ಎರಡು ಸುಕ್ಕು ಬಂದವು. “ಇದೇ ಇದ್ದಂಗ ಅದಾಳ,” ಎಂದ ಕೊನೆಗೆ. ಹೇಳಿದ ಮೇಲೆ ಅದು ಅರ್ಧ ನಿಜ ಅನಿಸತೊಡಗಿತು. ಅವ್ವ ಕಳೆದುಹೋಗಿದ್ದಾಳೆ, ಅವಳನ್ನು ಹುಡುಕಬೇಕಾದ ಮುಖವನ್ನು ತಾನು ನಾಚಿಕೆಗೆ ಬಿಟ್ಟುಕೊಡುತ್ತಿದ್ದೇನೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ಪ್ರಿಂಟ್ ಕೊಡಿಸಿದ.

ಕಾಗದದ ಕಟ್ಟು ಮನೆಗೆ ತಂದಾಗ ಪರಿಮಳಾ ಒಂದನ್ನು ಎತ್ತಿ ನೋಡಿದಳು. ಅಳುತ್ತಾಳೆ ಎಂದುಕೊಂಡಿದ್ದ. ಅವಳು ಕಾಗದವನ್ನು ತಿರುಗಿಸಿ, ಹಿಂದೆ ಏನಾದರೂ ಇದೆಯೇ ಎಂದು ನೋಡಿ, ಕೆಳಗಿಟ್ಟಳು. “ಇದನ್ನ ಹಿಡ್ಕೊಂಡು ಹುಡುಕಿದ್ರ ಅತ್ತಿ ನನ್ನ ಮುಂದ ನಿಂತ್ರೂ ನಾ ಗುರ್ತ ಹಿಡಿಯಂಗಿಲ್ರಿ,” ಎಂದಳು. “ಗೋಧಿ ಮೈಬಣ್ಣ ಅಂತ ಬೇರೆ ಬರಸೀರಿ, ಕಣ್ಣಿನ ಮಾತೇ ಇಲ್ಲ.” “ಪೊಲೀಸ್ರು ಹಂಗೇ ಬರೀತಾರ,” ಎಂದ. ಪರಿಮಳಾ ಪೆನ್ನು ಹುಡುಕಿ ತಂದಳು. ಕಣ್ಣಿನ ಮಾತನ್ನಾದರೂ ಪೆನ್ನಿನಿಂದ ಬರೆಯೋಣ ಎಂದು ಅವಳು ಕೂತಳು, ಅವನೂ ಕೂತ, ಒಂದಿಷ್ಟು ಕಾಗದಗಳ ಕೆಳಗೆ ಎಡಗಣ್ಣು ಹೂ ಬಿದ್ದಿದೆ ಎಂದು ಇಬ್ಬರೂ ಬರೆದರು. ಮೇಲೆ ಎರಡೂ ಕಣ್ಣು ಚೆನ್ನಾಗಿರುವ ಹೆಂಗಸು, ಕೆಳಗೆ ಆ ಸಾಲು. ಓದಿದವರು ಯಾವುದನ್ನು ನಂಬಬೇಕು? ಯಾದಗಿರಿ, ಶಹಾಪುರದ ಗೋಡೆಗಳಿಗೆ ಅವನು ಹಚ್ಚಿದ. ಸುರಪುರಕ್ಕೆ ಅಲ್ತಾಫ್ ಹೋದ. ಹಚ್ಚಿ, ಬಸ್ ಸ್ಟ್ಯಾಂಡ್ ಹಿಂದಿನ ಖಾನಾವಳಿಯಲ್ಲಿ ಉಂಡು ಬಂದ, ಜೋಳದ ಬಿಸಿ ರೊಟ್ಟಿ ಭಾಳ ಚಲೋ ಇತ್ತು ಎಂದು ಹೇಳಿ, ಇಂಥ ಹೊತ್ತಿನಲ್ಲಿ ಊಟದ ಮಾತಾಡಿದ್ದಕ್ಕೆ ತಾನೇ ನಾಚಿಕೊಂಡ.

ಆಮೇಲಿನ ದಿನಗಳಲ್ಲಿ ಫೋನು ಬಂದಾಗೆಲ್ಲ ಅವನು ಕೆಲಸ ಬಿಟ್ಟು ಕಚೇರಿಯ ಹೊರಗೆ ಓಡುತ್ತಿದ್ದ. ಯಾರೋ ರೈಲು ನಿಲ್ದಾಣದಲ್ಲಿ ಅಂಥ ಹೆಂಗಸನ್ನು ಕಂಡೆ ಎಂದರು, ಓಡಿ ಹೋದರೆ ಅದು ಮುಂಬೈ ಗಾಡಿಗೆ ಕಾಯುತ್ತಿದ್ದ ಯಾರದೋ ತಾಯಿ, ಬೆಳ್ಳಗೆ, ತುಂಬಿದ ಮೈಯವಳು. ಕಾಗದದ ಮುಖವೇ. ಆಕೆ ಗಾಬರಿಯಾಗಿ ಚೀಲ ಅವುಚಿಕೊಂಡಳು. ಅವಳ ಮುಂದೆ ನಿಂತಾಗ ಅವನಿಗೆ ಒಂದು ಭಯ ಹುಟ್ಟಿತು. ಅವ್ವ ಇದೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೂತಿದ್ದರೆ, ತಾನು ಈ ಬೆಳ್ಳನೆಯ ಹೆಂಗಸಿನ ಕಡೆಗೆ ಓಡುವಾಗ ಅವಳನ್ನು ದಾಟಿಯೇ ಬಂದಿರಬಹುದು. ತಿರುಗಿ ತುದಿಯವರೆಗೆ ನಡೆದು ಒಬ್ಬೊಬ್ಬರ ಮುಖ ನೋಡಿದ. ಕರಿ ಮುಖದ ಮುದುಕಿಯರು ಎಷ್ಟೊಂದು ಇದ್ದರು, ಒಬ್ಬರ ಮುಖವನ್ನೂ ತಾನು ಈವರೆಗೆ ಪೂರ್ತಿ ನೋಡಿರಲಿಲ್ಲ.

ಕೊನೆಗೆ ಅಂಬ್ರಪ್ಪನ ಫೋನು ಬಂತು. ಕಾಗದದಿಂದ ಏನೂ ಆಗಿರಲಿಲ್ಲ. ಆತ ಡಿಪೋಕ್ಕೆ ಹೋಗಿ ಕಂಡಕ್ಟರುಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿದ್ದ. “ಒಂದ್ ಕಣ್ಣು ಬೆಳ್ಳಗಿದ್ದ ಮುದುಕಿ ಶಹಾಪುರದಾಗ ನಿದ್ದಿ ಹತ್ತಿ ಇಳೀಲಿಲ್ಲಂತ್ರಿ. ಸುರಪುರದಾಗ ಇಳಿಸ್ಯಾನಂತ. ಬಸ್ ಸ್ಟ್ಯಾಂಡ್ ಹಿಂದ ಮದೀನಾಬೀ ಅಂತ ಖಾನಾವಳಿ ನಡಸ್ತಾಳ, ಆಕಿ ಕಡೆ ಕೂತಿದ್ದು ನೋಡ್ಯಾನಂತ. ಹೋಗಿ ನೋಡ್ರಿ.” ಪ್ರವೀಣಕುಮಾರ ಬಸ್ಸಿನಲ್ಲಿ ಕೂತು, ಬದುಕಿದ್ದಾಳೆ ಎಂದು ತನಗೆ ತಾನೇ ಹೇಳಿಕೊಂಡು ಮುಖ ಮುಚ್ಚಿ ಅತ್ತ.

ಖಾನಾವಳಿಯ ಹೊರಗೋಡೆಗೆ ಅಲ್ತಾಫ್ ಹಚ್ಚಿದ ಕಾಗದವಿತ್ತು. ಯಾವುದೋ ಟ್ಯೂಷನ್ನಿನವರು ಅದರ ಕೆಳಗಿನ ಅರ್ಧದ ಮೇಲೆ ತಮ್ಮದನ್ನು ಅಂಟಿಸಿದ್ದರು. ಕಾಣೆಯಾಗಿದ್ದಾರೆ ಎಂಬ ಅಕ್ಷರ, ಮುಖ, ಸುಂದ್ರಮ್ಮ ಎಂಬ ಅವ್ವನ ಹೆಸರು, ಇಷ್ಟೇ ಉಳಿದಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಒಲೆಯ ಮುಂದೆ ಅವ್ವ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ತಲೆ ಬರಿದಾಗಿತ್ತು, ಪಕ್ಕದಲ್ಲಿದ್ದ ದಪ್ಪನೆಯ ಹೆಂಗಸು, ಮದೀನಾಬೀಯೇ ಇರಬೇಕು, ಏನೋ ಹೇಳಿದ್ದಕ್ಕೆ ಹಲ್ಲೆಲ್ಲ ತೋರಿಸಿ ನಗುತ್ತಿದ್ದಳು. ಊಟಕ್ಕೆ ಕೂತವರು ಆ ಮುಖ ನೋಡಿಯೇ ರೊಟ್ಟಿ ಕೇಳುತ್ತಿದ್ದರು, ಇಸಿದುಕೊಳ್ಳುತ್ತಿದ್ದರು, ಯಾರಿಗೂ ಏನೂ ಆಗುತ್ತಿರಲಿಲ್ಲ. ಅವನು ಬಾಗಿಲಲ್ಲಿ ನಿಂತ. ಅವ್ವ ಕತ್ತೆತ್ತಿ ನೋಡಿದಳು.

“ಬಂದ್ಯಾ,” ಎಂದಳು, ಸಂಜೆ ಕೆಲಸದಿಂದ ಬಂದವನಿಗೆ ಹೇಳುವಂತೆ. ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, “ಮಂದಿ ಬಂದು ಹೋದ್ರೇನು?” ಎಂದು ಕೇಳಿದಳು.

“ಯಾವ ಮಂದಿ?”

“ನಿಮ್ಮ ಆಫೀಸಿನೋರು.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಬದುಕುತ್ತಿದ್ದ. “ಹೋದ್ರು,” ಎಂದ. ಮದೀನಾಬೀ ಅವನಿಗೆ ಕೂರಲು ಸ್ಟೂಲು ಸರಿಸುತ್ತ, “ಎಷ್ಟ್ ಪರೇಶಾನ್ ಮಾಡ್ದಿ ಬೇಟಾ. ಫೋನ್ ನಂಬರ್ ಕೇಳಿದ್ರ ನಿಮ್ಮವ್ವಗ ಗೊತ್ತಿಲ್ಲ. ನಿನ್ನ ಊರಿಗೆ, ಇಲ್ಲಂದ್ರ ತಂಗಿ ಊರಿಗೆ, ನಾ ಬಿಟ್ಟು ಬರ್ತೀನಿ ನಡಿ ಅಂದ್ರ ಒಲ್ಲೆ ಅಂದ್ಲು. ನನ್ನ ಮಗ ನೀನಾಗಿ ಬರಬ್ಯಾಡ ಅಂದಾನ, ಕರಿಯಾಕ ಬರ್ತಾನ, ಅಲ್ಲೀತನ ಇಲ್ಲೇ ಇರ್ತೀನಿ ಅಂತ ಹಟ,” ಎಂದಳು. ಆಮೇಲೆ ಗೋಡೆಯ ಕಡೆ ಕೈ ಮಾಡಿ, “ಹೊರಗ ಹಚ್ಚ್ಯಾರಲ್ಲ, ಆ ಹೆಣ್ಮಗಳೂ ಸುಂದ್ರಮ್ಮನೇ ಅಂತ. ನನ್ನ ಮಗಳು ಗುಲಫಶಾ ಓದಿ ಹೇಳಿದ್ಲು. ನೋಡವ್ವ, ನಿನ್ನ ಹೆಸರಿನಾಕಿನ್ನ ಎಷ್ಟ್ ಹುಡುಕಾಕತ್ತಾರ, ನಿನ್ನ ಯಾರೂ ಕೇಳವಲ್ರು ಅಂತ ನಾ ಮಸ್ಕಿರಿ ಮಾಡ್ತಿದ್ದೆ,” ಎಂದು ನಕ್ಕಳು.

ಅವ್ವ ನಗಲಿಲ್ಲ. “ಪಾಪ, ಯಾರ ಮನ್ಯಾಕಿನೋ. ದಿನಾ ಬೆಳಿಗ್ಗೆ ಎದ್ದು ನೋಡ್ತೀನಿ, ನನ್ನ ಮಗ ನನಗ ಹುಡುಕೋ ಹಂಗ ಈಕಿ ಮಕ್ಕಳೂ ಹುಡುಕಾಕತ್ತಾರ ಅನಸ್ತದ. ನೀ ಆಫೀಸಿನಾಗ ಇರಾಂವ, ನಿನಗ ಗೊತ್ತಿರಬೇಕು. ಸಿಕ್ಕಾಳೇನೋ ಆಕಿ?”

ಇದು ನೀನೇ ಎನ್ನಬೇಕಿತ್ತು. ಒಲೆಯ ಹೊಗೆ, ಉಣ್ಣುವವರ ಬಾಯಿಯ ಸಪ್ಪಳ, ಅವನ ಮುಖ ನೋಡುತ್ತಿದ್ದ ಗುಲಫಶಾ. “ಸಿಕ್ಕಾಳ,” ಎಂದ. “ಚಲೋ ಆತು,” ಎಂದು ಅವ್ವ ನಿಜವಾಗಿ ನಿರಾಳವಾಗಿ ಎದ್ದು, ಹಿಟ್ಟಿನ ಕೈ ತೊಳೆದುಕೊಂಡು, ಚೀಲ ತಂದಳು. ಹೊಸ್ತಿಲ ಹತ್ತಿರ ನಿಂತು ಸೊಂಟದ ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದಳು. ಎಡಗಡೆಯಿಂದ ಕೆಳಗೆ ಎಳೆದು ಕಣ್ಣು ಮುಚ್ಚಿ, ಅಂಚನ್ನು ತುಟಿಯ ಮೇಲೆ ಹಿಡಿದಳು. ಅವನು ಹುಟ್ಟಿದಾಗಿನಿಂದ ಅವ್ವ ಹೀಗೆ ಹೊದ್ದದ್ದು ಕಂಡಿರಲಿಲ್ಲ. ಮದೀನಾಬೀಗೂ ಹೊಸದೇ. “ಇದೇನ ಸುಂದ್ರಮ್ಮ, ಇಷ್ಟ್ ದಿನ ಇಲ್ಲದ್ದು?” ಎಂದಳು. “ಮಗನ ಜೋಡಿ ಹೊಂಟೀನಿ ಅಲ್ಲೇನು,” ಎಂದಳು ಅವ್ವ.

ಸೆರಗು ತೆಗಿ ಯವ್ವಾ ಎನ್ನುವ ಒಂದು ಮಾತು. ಸುರಪುರ ದಾಟುವಾಗ ಹೇಳುತ್ತೇನೆ ಎಂದುಕೊಂಡ. ಶಹಾಪುರದಲ್ಲಿ ಬಸ್ಸು ತುಂಬಿತು, ಜನ ಇಳಿದ ಮೇಲೆ ಎಂದುಕೊಂಡ. ಕಿಟಕಿಯ ಹೊರಗೆ ಹತ್ತಿ ಬಿಡಿಸುವ ಹೆಂಗಸರು ಸೊಂಟ ಬಗ್ಗಿಸಿ ನಿಂತಿದ್ದರು, ಅವ್ವ ತೆರೆದಿದ್ದ ಒಂದು ಕಣ್ಣಿನಿಂದ ಅವರನ್ನೇ ನೋಡುತ್ತ, ಈ ಸಲ ಫಸಲು ಹೇಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕೂತಿದ್ದಳು. ಭೀಮೆಯ ಸೇತುವೆ ಬಂತು, ಹೋಯಿತು. ಯಾದಗಿರಿ ಬಸ್ ಸ್ಟ್ಯಾಂಡಿನೊಳಗೆ ಬಸ್ಸು ತಿರುಗಿದಾಗ, ಚಹಾದ ಅಂಗಡಿಯ ಮುಂದೆ ಅಲ್ತಾಫ್, ಅವನ ಪಕ್ಕ ಸಂಜೀವಕುಮಾರ ಸಾಹೇಬರು ನಿಂತದ್ದು ಕಂಡಿತು. ಪರಿಮಳಾಳಿಂದ ಸುದ್ದಿ ಕೇಳಿ ಅವ್ವನನ್ನು ನೋಡಲು ಬಂದಿದ್ದರು, ಸಾಹೇಬರ ಕೈಯಲ್ಲಿ ಹಣ್ಣಿನ ಚೀಲವೂ ಇತ್ತು. ಇಳಿಯಲು ಎದ್ದ ಅವಸರಕ್ಕೆ ಅವ್ವನ ಸೆರಗು ಜಾರಿತ್ತು. ಪ್ರವೀಣಕುಮಾರ ಕೈ ಚಾಚಿ ಅದನ್ನು ಮೇಲೆಳೆದು, ಎಡಗಣ್ಣು ಮುಚ್ಚುವಂತೆ, ಹಲ್ಲು ಕಾಣದಂತೆ, ತಾನೇ ಸರಿಮಾಡಿದ. ಅವ್ವ ಆ ಕೈಯನ್ನು ನೋಡಿದಳು, ಹೊರಗೆ ನಿಂತವರನ್ನು ನೋಡಿದಳು.

“ಧೂಳು ಭಾಳ ಅದ ಇಲ್ಲಿ,” ಎಂದಳು.

“ಹೌದವ್ವ,” ಎಂದ.